ಅರ್ಧ ಬಾಟಲಿ ಬ್ರಾಂಡಿ

"ಕುಡಿದು ಬಂದು ಹೆಂಡತಿ ಗೋರಿಗೆ ಹೂ ಇಡ್ತೀರಲ್ಲ, ನಾಚಿಕೆ ಆಗಲ್ವಾ?"

ಪಕ್ಕದ ಗೋರಿಯ ಕಳೆ ಕೀಳುತ್ತಿದ್ದ ನೆರಿಡಾ ಅಷ್ಟು ಒರಟಾಗಿ ಕೇಳಿಬಿಟ್ಟಳು. ಅದು ಅವಳ ಅಪ್ಪನ ಗೋರಿ. ಅವನನ್ನು ಹೆಂಡವೇ ನುಂಗಿತ್ತು.

ಆ ಮನುಷ್ಯ ತಿರುಗಿದ. ಕೆಂಪಡರಿದ ಕಣ್ಣು…

"ಆಗುತ್ತೆ. ಆದ್ರೆ ಕುಡೀದೆ ಇಲ್ಲಿಗೆ ಬರೋಕೆ ಧೈರ್ಯ ಸಾಲಲ್ಲ."

ಅವನು ಕ್ಲೆಮ್, ಸಕ್ಕರೆ ಗಿರಣಿಯ ಫಿಟ್ಟರ್. ಮುಂದಿನ ಭಾನುವಾರ ಕುಡಿಯದೆ ಬಂದ. ಕೈ ನಡುಗಿ ಹೂವೆಲ್ಲ ಚೆಲ್ಲಿತು. ನೆರಿಡಾ ಆರಿಸಿಕೊಟ್ಟಳು. ಅವರ ಪ್ರೀತಿ ಹುಟ್ಟಿದ್ದು ಹಾಗೆ, ಸತ್ತವರ ನಡುವೆ.

ಆಮೇಲೆ ಅವನು ಹೆಂಡ ಮುಟ್ಟಲಿಲ್ಲ. ಈ ಕ್ರಿಸ್ಮಸ್ ಊಟದಲ್ಲಿ ತಮ್ಮ ಮದುವೆಯ ವಿಷಯವನ್ನು ನೆರಿಡಾಳ ಅಮ್ಮನಿಗೆ ಹೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಅಮ್ಮ ಐವಿಯದು ಒಂದೇ ಹಟ. "ನನ್ನ ಐಸ್‌ಕ್ರೀಂ ಇಲ್ದೆ ಹಬ್ಬ ಏನು, ಮಣ್ಣು!"

ಕ್ವೀನ್ಸ್‌ಲ್ಯಾಂಡಿನಲ್ಲಿ ಡಿಸೆಂಬರ್ ಎಂದರೆ ಉರಿಬೇಸಿಗೆ; ಕ್ರಿಸ್ಮಸ್‌ನ ಬಿಸಿ ಪುಡಿಂಗ್ ಯಾರ ಗಂಟಲಿಗೂ ಇಳಿಯದು. ಒಣದ್ರಾಕ್ಷಿ, ಚೆರ್ರಿ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆಯನ್ನು ಬ್ರಾಂಡಿಯಲ್ಲಿ ನೆನೆಸಿ, ನೊರೆಯೇಳುವಂತೆ ಕಡೆದ ಕೆನೆಗೆ ಬೆರೆಸಿ, ಪುಡಿಂಗ್ ಬಟ್ಟಲಲ್ಲಿ ಹೆಪ್ಪುಗಟ್ಟಿಸುವುದು ಐವಿಯ ಪದ್ಧತಿ. ಆ ಮನೆಗೆ ಬಾಟಲಿ ಬರುತ್ತಿದ್ದುದು ಅದಕ್ಕಷ್ಟೇ.

"ಮನೇಲಿ ಬಾಟಲಿ ಇದ್ರೆ ನಿನಗೆ ಕಷ್ಟ ಆಗಲ್ವಾ?" ನೆರಿಡಾ ಕೇಳಿದ್ದಳು.

"ನನ್ನಿಂದ ಅಮ್ಮನ ಹಬ್ಬ ಕೆಡಬಾರದು," ಎಂದಿದ್ದ ಕ್ಲೆಮ್.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಕ್ಲೆಮ್‌ನನ್ನು ಅಮ್ಮನ ಜೊತೆ ಬಿಟ್ಟು ಅವಳ ಮರೆವಿನ ಮಾತ್ರೆ ತರಲು ಹೋದ ನೆರಿಡಾ ವಾಪಸು ಬಂದಾಗ ಅವನು ಅಡುಗೆಮನೆಯ ನೆಲ ಒರೆಸುತ್ತಿದ್ದ. ಅಂಗಿಯೆಲ್ಲ ಬ್ರಾಂಡಿ ನಾತ. ಬಾಟಲಿ ಅರ್ಧ ಖಾಲಿ!

ಅಪ್ಪ ಬಾಗಿಲು ತೆರೆದಾಗ ಮೂಗಿಗೆ ಬಡಿಯುತ್ತಿದ್ದ ಅದೇ ವಾಸನೆ…

"ಕುಡಿದ್ಯಾ?"

"ಇಲ್ಲ."

"ಹಾಗಾದ್ರೆ ಬಾಟಲಿ ತಾನೇ ಕುಡ್ಕೊಂಡಿತಾ?"

ಕ್ಲೆಮ್ ಒಮ್ಮೆ ಐವಿಯ ಕೋಣೆಯತ್ತ ನೋಡಿದ. "ನಾನು ಕುಡಿದಿಲ್ಲ, ನೆರಿಡಾ."

"ಅಪ್ಪನೂ ಹೀಗೇ ಅಂತಿದ್ದ! ಹೋಗು… ಇನ್ನು ಈ ಹೊಸಿಲು ತುಳೀಬೇಡ!"

ಅವನು ಬಟ್ಟೆ ಹಿಂಡಿಟ್ಟು ಹೊರಟುಹೋದ.

ಕ್ರಿಸ್ಮಸ್ ಮಧ್ಯಾಹ್ನ ಮೇಜಿನ ಮುಂದೆ ತಾಯಿ ಮಗಳು ಇಬ್ಬರೇ. ಐವಿಯ ತಲೆಯ ಮೇಲೆ ಹಬ್ಬದ ಕಾಗದದ ಕಿರೀಟ. ನೆರಿಡಾ ಬಟ್ಟಲನ್ನು ತಟ್ಟೆಗೆ ಬೋರಲು ಹಾಕಿದಳು.

ಐಸ್‌ಕ್ರೀಂ ನಿಲ್ಲಲೇ ಇಲ್ಲ. ಗಂಜಿಯಂತೆ ಹರಿದು, ಮೇಜಿನಿಂದ ಅವಳ ಮಡಿಲಿಗೆ ಸುರಿಯಿತು. ಘಮ್ಮೆಂದು ಬ್ರಾಂಡಿ ವಾಸನೆ!

ಫ್ರೀಜರ್ ಕೆಟ್ಟಿರಲಿಲ್ಲ. ಬ್ರಾಂಡಿ ಮಿತಿಮೀರಿದರೆ ಕೆನೆ ಹೆಪ್ಪುಗಟ್ಟದು, ಅದು ಅವಳಿಗೆ ಗೊತ್ತು. ಹಾಗಾದರೆ ಅರ್ಧ ಬಾಟಲಿ ಹೋದದ್ದು…

"ಅಮ್ಮಾ, ಇದಕ್ಕೆ ಬ್ರಾಂಡಿ ಸುರಿದವರು ಯಾರು?"

"ನಾನೇ ಕಣೇ." ಐವಿ ದನಿ ತಗ್ಗಿಸಿದಳು. "ನಿಮ್ಮಪ್ಪ ಬರೋಷ್ಟರಲ್ಲಿ ಖಾಲಿ ಮಾಡ್ಬೇಕಿತ್ತು. ಕೈ ಜಾರಿ ಆ ಹುಡುಗನ ಮೇಲೂ ಚೆಲ್ಲಿಬಿಟ್ಟೆ. ಮಗಳಿಗೆ ಹೇಳ್ಬೇಡ, ಹೆದರ್ಕೋತಾಳೆ ಅಂದೆ. ಹೇಳಿಲ್ಲ ತಾನೆ? ಒಳ್ಳೇ ಹುಡುಗ."

ಅಪ್ಪ ಸತ್ತು ಎಷ್ಟು ಕಾಲವಾಯಿತು… ಅಮ್ಮನ ಮರೆವು ಇಷ್ಟು ದೂರ ಬಂದಿದೆಯೇ? ಕ್ಲೆಮ್ ಅದನ್ನು ಕಂಡಿದ್ದ. ಈ ಮನೆಯ ಹಬ್ಬ ಕೆಡದಿರಲೆಂದು ಅವಮಾನ ನುಂಗಿಕೊಂಡು ಹೋಗಿದ್ದ!

ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳು ಗಿರಣಿಯ ಹಿಂದಿನ ಅವನ ಮನೆಗೆ ಧಾವಿಸಿದಳು.

ಕ್ಲೆಮ್ ಮೆಟ್ಟಿಲ ಮೇಲೆ ಕುಳಿತಿದ್ದ. ಮುಂದೆ ತುಂಬಿದ ಲೋಟ.

"ಕ್ಲೆಮ್… ಐಸ್‌ಕ್ರೀಂ ಗಟ್ಟಿಯಾಗ್ಲಿಲ್ಲ. ಅಮ್ಮ ಎಲ್ಲ ಹೇಳಿದ್ಲು."

ಅವನು ತಲೆಯೆತ್ತಲಿಲ್ಲ. "ಇದನ್ನಿನ್ನೂ ಕುಡಿದಿಲ್ಲ. ಆದ್ರೆ ನೀನು ಬರದಿದ್ರೆ ಕುಡೀತಿದ್ದೆ. ಸುಳ್ಳು ಹೇಳಲ್ಲ."

ಆ ಮಾತು ಅವಳನ್ನು ಚುಚ್ಚಿತು. ಆದರೂ ಪಕ್ಕದಲ್ಲಿ ಕುಳಿತಳು.

"ನಿನ್ನೆ ನಾನು ನಿನ್ನ ಮುಖ ನೋಡ್ಲಿಲ್ಲ. ಅಪ್ಪನ ಮುಖ ನೋಡಿದೆ. ಕ್ಷಮಿಸ್ತೀಯಾ?"

ಕ್ಲೆಮ್ ಲೋಟವನ್ನು ಮಣ್ಣಿಗೆ ಸುರಿದ. ಕಣ್ಣು ತುಂಬಿತ್ತು. "ನಾಳೆ ಏನೋ ಗೊತ್ತಿಲ್ಲ, ನೆರಿಡಾ."

"ನನಗೂ ಗೊತ್ತಿಲ್ಲ. ಅಮ್ಮ ನಾಳೆ ನನ್ನ ಹೆಸರೇ ಮರೆತ್ರೆ? ಒಬ್ಬಳೇ ತಡ್ಕೊಳ್ಳೋಕಾಗಲ್ಲ… ನೀನು ಬೇಕು ನಂಗೆ."

"ಬೇಗ ಬರ್ರೋ! ಇಲ್ಲಿ ನಾನು ಕರಗಿಹೋಗ್ತಿದೀನಿ!" ಕಾರಿನೊಳಗಿಂದ ಐವಿ ಕೂಗಿದಳು.

ಅಳುವಿನ ನಡುವೆಯೂ ಇಬ್ಬರಿಗೂ ನಗು ಬಂತು.

ಕ್ಲೆಮ್ ಎದ್ದು ನಿಂತ. "ಅವರು ನನ್ನನ್ನೇ ನಿಮ್ಮಪ್ಪ ಅಂದ್ಕೊಂಡ್ರೆ?"

"ಬಯ್ಯಿಸ್ಕೋ."

"ನೀನೇನ್ಮಾಡ್ತೀಯ?"

"ನಿನ್ನ ಕೈ ಹಿಡ್ಕೊಂಡಿರ್ತೀನಿ."