ಚೂಟಿಯ ಕ್ಯಾಮೆರಾ, ಅಪ್ಪನ ಗಾಜು

ಕ್ಯಾಮೆರಾಕ್ಕೆ ಸಾವಿರದ ಇನ್ನೂರು, ಅದೂ ಸೆಕೆಂಡ್ ಹ್ಯಾಂಡ್. ಮೆಮೊರಿ ಕಾರ್ಡಿಗೆ ಬೇರೆ ಮುನ್ನೂರು. ಡಬ್ಬಿಯಲ್ಲಿ ಚಾರ್ಜರ್ ಇರಲೇ ಇಲ್ಲ, ಅದಕ್ಕೆ ಇನ್ನೂರು. ಎರಡು ವರ್ಷ ಚೂಟಿಗೆ ಹುಟ್ಟುಹಬ್ಬಕ್ಕೆ ಬಂದ ದುಡ್ಡೆಲ್ಲ ಅಲ್ಲಿಗೆ ಚುಕ್ತಾ.

“ಇಷ್ಟಕ್ಕೆ ಒಂದು ಹಳೇ ಸೈಕಲ್ ಬರ್ತಿತ್ತು,” ಎಂದಳು ಅಜ್ಜಿ, ಅಪ್ಪನ ಗಾಜಿನ ಅಂಗಡಿಯ ಬಾಗಿಲಲ್ಲಿ ಕುಳಿತು. “ಸೈಕಲ್ ತುಳಿದ್ರೆ ಓಡತ್ತೆ. ಇದು ಯಾವಾಗ ನೋಡಿದ್ರೂ ಗೋಡೆಗೆ ನೇತಾಡ್ಕೊಂಡು ಕರೆಂಟ್ ಕುಡೀತಿರತ್ತೆ.”

ಚೂಟಿ ಕೇಳಿಸದವಳ ಹಾಗೆ ನಿಂತಳು. ಸೋಪಿನಷ್ಟು ದೊಡ್ಡ ಕ್ಯಾಮೆರಾ, ಬೆಂಕಿಪೊಟ್ಟಣದಷ್ಟು ಸ್ಕ್ರೀನು. ಬಿಸಿಲಿಗೆ ಹೋದರೆ ಅದರಲ್ಲಿ ಅವಳ ಮೂಗೇ ಕಾಣುತ್ತಿತ್ತು. ಜೂಮ್ ಒತ್ತಿದರೆ ಚಿತ್ರವೆಲ್ಲ ಜ್ವರ ಬಂದಂತೆ ನಡುಗುತ್ತಿತ್ತು. ಅಜ್ಜಿಗೆ ಇದನ್ನೆಲ್ಲ ಹೇಳುವಷ್ಟು ದಡ್ಡಿ ಅವಳಲ್ಲ.

ಈಗ ಹಿಂದೆ ಸರಿಯುವ ಹಾಗೂ ಇರಲಿಲ್ಲ. “ನಮ್ಮಪ್ಪ ನನಗಿಂತ ಎತ್ತರದ ಗಾಜನ್ನ ಒಂದೇ ಗೀಟು ಎಳೆದು ಮುರೀತಾರೆ, ಬಿಸ್ಕತ್ ಥರ,” ಎಂದು ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದಳು. ಪಕ್ಕದ ಬೆಂಚಿನವಳು, “ರೀಲು ಬಿಡ್ಬೇಡ ಕಣೇ,” ಎಂದಿದ್ದಳು. ವಿಡಿಯೊ ತೆಗೆದು ತಂದರೆ ನಾಳೆ ಕ್ಲಾಸಿನ ಟೀವಿಯಲ್ಲಿ ತೋರಿಸಲು ಮಿಸ್ ಒಪ್ಪಿದ್ದರು.

ಮೇಜಿನ ಮೇಲೆ ಕಂಬಳಿ ಹಾಸಿತ್ತು. ಗೋಡೆಗೆ ನಾಲ್ಕು ಗಾಜಿನ ಶೀಟು ಒರಗಿದ್ದವು. ಔಷಧಿ ಅಂಗಡಿಯ ಕಪಾಟಿಗೆ ಬೇಕಾದದ್ದು ಮೂರು, ಒಂದು ಹೆಚ್ಚಿಗೆ. ಬೆಳಿಗ್ಗೆ ಎಂಟಕ್ಕೆ ಅಪ್ಪ ಅವನ್ನು ಕೂರಿಸಿ ಬರಬೇಕು.

“ರೆಡಿನಾ ಅಪ್ಪಾ?”

ಅಪ್ಪ ತಲೆ ಬಾಚಿಕೊಂಡು ಬಂದಿದ್ದ. ಇಸ್ತ್ರಿ ಶರ್ಟು ಬೇರೆ. ಕ್ಯಾಮೆರಾ ನೋಡಿ ಕಂಬದ ಹಾಗೆ ಸೆಟೆದು ನಿಂತು, “ನಾವು ಈಗ ಗಾಜನ್ನು ಕತ್ತರಿಸಲಿದ್ದೇವೆ,” ಎಂದ.

“ಯಾಕೋ ವಾರ್ತೆ ಓದ್ತಿದೀಯಾ?” ಎಂದಳು ಅಜ್ಜಿ.

ಅಪ್ಪ ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉದ್ದನೆ ಸ್ಕೇಲಿಟ್ಟು ಗೆರೆ ಎಳೆದ, ಗಾಜನ್ನು ಮೇಜಿನಂಚಿಗೆ ತಂದು ಮುರಿದ. ಟಕ್. ಚೂಟಿ ಖುಷಿಯಿಂದ ಬಟನ್ ಒತ್ತಿ ನೋಡಿದಳು. ವಿಡಿಯೊ ಇರಲಿಲ್ಲ. ಕ್ಯಾಮೆರಾ ಫೋಟೊ ಮೋಡಿನಲ್ಲಿತ್ತು. ಅಪ್ಪನ ಶರ್ಟಿನ ಗುಂಡಿಯ ಒಂದು ಫೋಟೊ ಬಂದಿತ್ತು.

“ಇನ್ನೂ ಎರಡು ಕತ್ತರಿಸೋದಿದೆ, ಬಿಡು,” ಎಂದ ಅಪ್ಪ.

ಎರಡನೇ ಶೀಟು. ಈ ಸಲ ಚೂಟಿ ಮೋಡ್ ಸರಿ ಮಾಡಿಕೊಂಡಳು. ಅಪ್ಪ ಗೆರೆ ಎಳೆಯತೊಡಗಿದ. ಕಟರು ಅರ್ಧ ಗಾಜು ದಾಟುವಾಗ ಸ್ಕ್ರೀನು ಕಪ್ಪಾಯಿತು.

“ನಿಲ್ಸಪ್ಪಾ, ನಿಲ್ಸು, ಆಫ್ ಆಯ್ತು!”

ಅಪ್ಪನ ಕೈ ನಿಂತಿತು. ಅವನು ಗಾಜನ್ನು ನೋಡಿದ, ಮಗಳನ್ನು ನೋಡಲಿಲ್ಲ.

“ಇನ್ನೊಂದ್ ಸಲ ಮೊದಲಿಂದ ಎಳೆದ್ರೆ ಆಗಲ್ವಾ?”

“ಎಳೆದ ಗೀಟಿನ ಮೇಲೆ ಮತ್ತೆ ಎಳೆಯೋ ಹಾಗಿಲ್ಲಮ್ಮ. ಅರ್ಧಕ್ಕೆ ನಿಂತ್ರೆ ಗಾಜು ತನಗೆ ತೋಚಿದ ದಾರಿ ಹಿಡಿಯತ್ತೆ.” ಮೆಲ್ಲಗೆ ಮುರಿದ. ಗೆರೆ ಇದ್ದಷ್ಟು ದೂರ ನೆಟ್ಟಗೆ ಬಂದ ಗಾಜು, ಆಮೇಲೆ ಹಾವಿನಂತೆ ಹೊರಳಿ ಮೂಲೆಗೆ ಸೀಳಿತು.

ಅಜ್ಜಿ ಎದ್ದು ಪೊರಕೆ ತಂದಳು. ಬೈದಿದ್ದರೇ ವಾಸಿ ಅನಿಸಿತು ಚೂಟಿಗೆ.

“ಇದ್ರಲ್ಲಿ ಫೋಟೊ ಫ್ರೇಮಿನ ಗಾಜು ನಾಲ್ಕು ಆಗತ್ತೆ,” ಎಂದು ಅಪ್ಪ ಚೂರುಗಳನ್ನು ಬದಿಗಿಟ್ಟ. “ಆದ್ರೆ ಇನ್ನೊಂದು ಹೋದ್ರೆ ನಾಳೆ ಔಷಧಿ ಅಂಗಡಿಯವರ ಮುಖ ನೋಡೋ ಹಾಗಿಲ್ಲ. ಶೀಟು ಎರಡೇ, ಬೇಕಾದ್ದೂ ಎರಡೇ.”

ಚೂಟಿ ಕ್ಯಾಮೆರಾವನ್ನು ಚಾರ್ಜಿಗೆ ಹಾಕಿ ಬಂದಳು. “ನಾನು ಸ್ಕೇಲು ಹಿಡ್ಕೊಳ್ಲಾ?”

“ಬಾ. ಜಾರದ ಹಾಗೆ ಒತ್ತು. ಬೆರಳು ಸ್ಕೇಲಿನ ಅಂಚಿಂದ ಒಳಗಿರ್ಲಿ.”

ಮೂರನೇ ಶೀಟಿಗೆ ಅವಳು ಮೇಜಿನ ಆಚೆ ತುದಿಯಲ್ಲಿ ಸ್ಕೇಲನ್ನು ಅಮುಕಿ ನಿಂತಳು. ಕೈಯಲ್ಲಿ ಕ್ಯಾಮೆರಾ ಇಲ್ಲ, ನೋಡಲು ಕಣ್ಣಷ್ಟೇ. ಕ್ಯಾಮೆರಾ ಕಾಣದೆ ಅಪ್ಪನ ಭುಜ ಇಳಿದಿತ್ತು. ಗೆರೆ ಶುರುವಾಗುವ ಮೊದಲು ಅವನು ಉಸಿರು ಬಿಗಿಹಿಡಿದ. ಕಟರು ಗಾಜಿನ ಮೇಲೆ ಸಾಗುವಾಗ ಅಂಗಡಿಯಲ್ಲಿ ಒಂದೇ ಸದ್ದು, ರೇಷ್ಮೆ ಹರಿದಂತೆ. ತುದಿ ಮುಟ್ಟಿದ ಮೇಲೆಯೇ ಉಸಿರು ಬಿಟ್ಟ. ಟಕ್.

ದಿನಾ ನೋಡುವ ಅಪ್ಪ. ಅವನು ಉಸಿರು ಬಿಗಿಹಿಡಿಯುವುದು ಅವಳಿಗೆ ಗೊತ್ತೇ ಇರಲಿಲ್ಲ.

ಬ್ಯಾಟರಿ ತುಂಬುವಷ್ಟರಲ್ಲಿ ಮೂವರೂ ಊಟ ಮುಗಿಸಿದರು. ಆಮೇಲೆ ಚೂಟಿ ಕ್ಯಾಮೆರಾವನ್ನು ಅಂಗಡಿಯ ಕಪಾಟಿನಲ್ಲಿ, ಮೇಜಿಗಿಂತ ತುಸು ಮೇಲಿನ ಹಲಗೆಯಲ್ಲಿ, ಗಾಜು ಕೂರಿಸುವ ಪುಟ್ಟಿಯ ಎರಡು ಡಬ್ಬಿಗಳ ನಡುವೆ ಸಿಕ್ಕಿಸಿದಳು. ಮುಖಕ್ಕಲ್ಲ, ಕೈಗಳಿಗೆ ಸರಿಯಾಗಿ. ಮೋಡ್ ನೋಡಿದಳು, ಕೆಂಪು ದೀಪ ನೋಡಿದಳು. ಅಪ್ಪ ಇಸ್ತ್ರಿ ಶರ್ಟು ಕಳಚಿ ಹಳೇ ಬನಿಯನ್ ಹಾಕಿಕೊಂಡಿದ್ದ.

“ಹೇಳ್ಲಾ, ಕತ್ತರಿಸಲಿದ್ದೇವೆ ಅಂತ?”

“ಬೇಡಪ್ಪಾ. ಸುಮ್ನೆ ಕತ್ತರಿಸು.”

ಹೋಗಿ ಸ್ಕೇಲು ಒತ್ತಿ ನಿಂತಳು. ಅಪ್ಪ ಉಸಿರು ಬಿಗಿಹಿಡಿದ. ಅವಳೂ ಹಿಡಿದಳು. ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

ಗಾಜು ನೆಟ್ಟಗೆ ಮುರಿಯಿತು.

ಅವತ್ತು ಹೋದದ್ದು ಒಂದು ಶೀಟು. ಸಿಕ್ಕಿದ್ದು ಇಪ್ಪತ್ತಾರು ಸೆಕೆಂಡಿನ ವಿಡಿಯೊ. ಸ್ವಲ್ಪ ವಾಲಿಕೊಂಡಿದೆ, ಯಾರ ತಲೆಯೂ ಅದರಲ್ಲಿಲ್ಲ. ಇರುವುದು ಒಂದು ಗಾಜು, ಅದರ ಮೇಲೆ ನಾಲ್ಕು ಕೈ.