ಆ ಸೋಮವಾರಕ್ಕೊಂದು ಬಾಗಿಲು

"ಆಗಿ ಹೋದ ದಿನಕ್ಕ ತಿರುಗಿ ಹೋಗಾಕ ಬರ್ತದೇನ್ರಿ, ಮಾಸ್ತರ?"

ಬಿಜ್ಜರಗಿ ಶಾಲೆಯ ಅಂಗಳದಲ್ಲಿ ನಗು ಸಿಡಿಯಿತು!

ಕೇಳಿದವಳು ಸಾವಂತ್ರವ್ವ. ಹೆಂಗಸರ ಗುಂಪಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ... ಬರಿ ಹಣೆ, ಬರಿ ಕೈ. ನಾಲ್ಕು ವರ್ಷದಿಂದ ಜನರ ನಡುವೆ ತುಟಿ ಬಿಚ್ಚದವಳು ಇವತ್ತು ಇಷ್ಟು ದೊಡ್ಡ ದನಿಯಲ್ಲಿ ಕೇಳಿಬಿಟ್ಟಿದ್ದಳು.

"ಸುಮ್ನಿರ ಬೇ..." ತಾಯಿ ಮಲಕವ್ವ ಅವಳ ಸೆರಗು ಜಗ್ಗಿದಳು.

ನಗದೇ ಇದ್ದವನು ಒಬ್ಬನೇ. ಮೇಜಿನ ಮೇಲೆ ಭೂತಗನ್ನಡಿ, ಆಯಸ್ಕಾಂತ ಹರವಿಕೊಂಡು ನಿಂತಿದ್ದ ಅಮೋಘಿ ಮಾಸ್ತರ. ಬಬಲೇಶ್ವರದ ಕುರಿಗಾರರ ಮಗ. ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಆ ವರ್ಷ, ಅಂದರೆ ೧೯೭೮ರಲ್ಲಿ, ತಿಕೋಟಾದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಿದ್ದ. ರವಿವಾರ ಬಂದರೆ ಸೈಕಲ್ಲಿಗೆ ಟ್ರಂಕು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋಗಿ ಪ್ರಯೋಗ ತೋರಿಸುವುದು ಅವನ ಹುಚ್ಚು.

"ನಗಬ್ಯಾಡ್ರಿ," ಎಂದ ಅವನು. "ಇದು ಭಾಳ ದೊಡ್ಡ ಪ್ರಶ್ನೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಇದನ್ನ ಕೇಳಾಕತ್ತಾರ."

ಅವನು ಯಾರದೋ ಬುಟ್ಟಿಯಿಂದ ಒಂದು ಬಾರೆಹಣ್ಣು ಎತ್ತಿ ಹಿಡಿದ.

"ಇರುವಿ ಈ ಬದಿಯಿಂದ ಆ ಬದಿಗೆ ಹೋಗಬೇಕಂದ್ರ ಹಣ್ಣ ಸುತ್ತಬೇಕು. ಹುಳ ಹಂಗಲ್ಲ, ನಟ್ಟನಡುವ ಕೊರಕೊಂಡ ಹೋಗ್ತದ. ಆಕಾಶದಾಗೂ ಹುಳ ಕೊರದಂಥಾ ದಾರಿ ಇರಬಹುದು ಅಂತಾರ. ದೂರದ ಜಾಗಕ್ಕಷ್ಟ ಅಲ್ಲ, ಬ್ಯಾರೆ ಕಾಲಕ್ಕೂ ಹೋಗೂ ದಾರಿ. ಲೆಕ್ಕದಾಗ ಅಂಥಾ ಬಾಗಲ ಐತಿ."

"ಖರೇನ್ರಿ?"

ಅವನು ಅವಳ ಮುಖ ನೋಡಿದ. ಆ ಕಣ್ಣುಗಳಲ್ಲಿ ಏನೋ ಹೊತ್ತಿಕೊಂಡಿತ್ತು! ಹೇಳಬೇಕಾದ ಇನ್ನೊಂದು ಮಾತು ಅವನ ಗಂಟಲಲ್ಲೇ ಉಳಿಯಿತು.

"...ಖರೇ. ಲೆಕ್ಕದಾಗ ಐತಿ."

ಅವಳಿಗೆ ಅಷ್ಟೇ ಸಾಕಾಯಿತು.

*

ಸಾವಂತ್ರವ್ವನ ಜೀವ ಒಂದು ಸೋಮವಾರದಲ್ಲಿ ಸಿಕ್ಕಿಬಿದ್ದಿತ್ತು.

ಹೊನವಾಡದ ಗುರಣ್ಣನ ಕೈ ಹಿಡಿದು ಆಗ ವರ್ಷವಾಗಿತ್ತಷ್ಟೇ. ತವರಿಗೆ ಬಂದಿದ್ದ ಹೆಂಡತಿಯನ್ನು ಕರೆದೊಯ್ಯಲು ಅವನು ಆ ಸೋಮವಾರ ಮಧ್ಯಾಹ್ನ ಬಂದಿದ್ದ. "ಇನ್ನೆರಡ ದಿನ ಯವ್ವನ ಕೂಡ ಇದ್ದ ಬರ್ತೀನ್ರಿ," ಎಂದು ಇವಳು ಗೋಗರೆದಿದ್ದಳು. ಅವನು ನಕ್ಕು ಹೂಂ ಎಂದಿದ್ದ.

ಇವಳು ಜೊತೆಗಿದ್ದಿದ್ದರೆ ನಾಲ್ಕು ಗಂಟೆಯ ಬಸ್ಸಿಗೆ ಕಾಯುತ್ತಿದ್ದ. ಒಬ್ಬನೇ ಗಂಡಸು... ಎದುರಿಗೆ ಬಂದ ಕಲ್ಲಿನ ಲಾರಿ ಹತ್ತಿದ. ತಿಕೋಟಾದ ಹತ್ತಿರದ ತಿರುವಿನಲ್ಲಿ ಲಾರಿ ಉರುಳಿತು.

ಅಂದಿನಿಂದ ಅವಳು ಬಸ್ಸಿನ ಮೆಟ್ಟಿಲು ಮುಟ್ಟಿಲ್ಲ. ಊರ ಸೀಮೆ ದಾಟಿಲ್ಲ. ಮಾಳಿಗೆ ಮನೆಯ ಒಳಕೋಣೆಯಲ್ಲಿ ಕೂತು, ಬೆಳಕಿಂಡಿಯಿಂದ ಬೀಳುವ ಅಂಗೈಯಗಲದ ಬಿಸಿಲಲ್ಲಿ ದಿನವಿಡೀ ಉಣ್ಣೆ ನೂಲುತ್ತಿದ್ದಳು. ಆ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಸರಿದರೆ ಒಂದು ದಿನ ಮುಗಿಯಿತು.

'ನಾ ಆವತ್ತ ಅವರ ಕೂಡ ಹೊಂಟಿದ್ರ...'

ಎಷ್ಟು ಸಾವಿರ ಸಲ! ಬಾಯಿಬಿಟ್ಟು ಹೇಳಲು ಹೋದರೆ ಎಲ್ಲರದೂ ಒಂದೇ ಉತ್ತರ: "ಹಣೇಬರಾ ಬಿಡವಾ." ಅವಳ ಮಾತನ್ನು ಪೂರ್ತಿ ಕೇಳಿದವರು ಒಬ್ಬರೂ ಇರಲಿಲ್ಲ.

ಈಗ ಬಾಗಿಲಿದೆ! ಓದಿದ ಮನುಷ್ಯ, ಊರವರ ಎದುರಿಗೇ ಹೇಳಿದ್ದಾನೆ!

ಒಂದು ತಿಂಗಳು ಅವಳು ಆ ಬಾಗಿಲ ಮುಂದೆಯೇ ಬದುಕಿದಳು. ಹೋದ ಕೂಡಲೇ ಸೀರೆ ಗಂಟು ಕಟ್ಟಬೇಕು... ಅವರ ಕೈ ಹಿಡಿದು ಎಳೆದು ಬಸ್ಸಿನಲ್ಲಿ ಕೂರಿಸಬೇಕು...

ಅಷ್ಟರಲ್ಲಿ ಅಪ್ಪ ಖಂಡಪ್ಪ ಸುದ್ದಿ ತಂದ.

"ವಿಜಾಪುರದ ಅಥಣಿ ರಸ್ತಾದಾಗ ಪರಸಪ್ಪ ಅಂತ ಅದಾನವಾ. ಉಣ್ಣಿ ವ್ಯಾಪಾರ. ಹೆಣತಿ ತೀರಿಕೊಂಡಾಳ, ಎರಡ ಮಕ್ಕಳು. ನಿನ್ನ ಉಡಿಕಿ ಮಾಡ್ಕೊತೀನಿ ಅಂತಾನ."

ಗಂಡ ತೀರಿದವಳಿಗೆ ಎರಡನೆಯ ಮದುವೆ ಅವರ ಮಂದಿಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದಕ್ಕೇ ಉಡಿಕೆ ಎನ್ನುವುದು.

"ಒಲ್ಲೆ ಯಪ್ಪಾ. ನಾ ತಿರುಗಿ ಹೋಗೂದೈತಿ."

"ಎಲ್ಲಿಗೆ?"

"ಆ ಸೋಮವಾರಕ್ಕ. ಬಾಗಲ ಐತಂತ... ಮಾಸ್ತರ ಹೇಳ್ಯಾರ."

ಖಂಡಪ್ಪ ಮಗಳ ಮುಖವನ್ನೇ ನೋಡುತ್ತ ಕುಸಿದು ಕೂತ.

*

"ನನ್ನ ಮಗಳಿಗೆ ಏನ ಹೇಳೀರಿ ಮಾಸ್ತರ ನೀವು?"

ಮರುದಿನ ತಿಕೋಟಾದ ಶಾಲೆಯ ಬಾಗಿಲಲ್ಲಿ ನಿಂತು ಖಂಡಪ್ಪ ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ಅಮೋಘಿಯ ಮುಖ ಬಿಳಿಚಿಕೊಂಡಿತು.

ಆ ಕಣ್ಣುಗಳನ್ನು ಅವನೂ ಮರೆತಿರಲಿಲ್ಲ. ಅವಳಿಗಾಗಿಯೇ ವಿಜಾಪುರಕ್ಕೆ ಹೋಗಿ, ಕಾಲೇಜಿನಲ್ಲಿ ಕಲಿಸಿದ ಗುರುಪಾದಯ್ಯ ಸರ್ ಜೊತೆ ಕೂತು, ಬೇರೆ ದಾರಿಯೇನಾದರೂ ಇದೆಯೇ ಎಂದು ಪುಸ್ತಕಗಳನ್ನು ತಿರುವಿದ್ದ. ಸಿಕ್ಕ ಉತ್ತರ ಕಹಿಯಾಗಿತ್ತು. ಅದನ್ನು ಹೇಳುವ ಧೈರ್ಯವಿಲ್ಲದೆ ಮೂರು ವಾರ ತಳ್ಳಿದ್ದ.

'ಆಕಿ ಅದನ್ನ ಬರೇ ಕುತೂಹಲಕ್ಕ ಕೇಳಿರಲಿಲ್ಲ... ಜೀವ ಉಳಸ್ಕೊಳ್ಳಾಕ ಕೇಳಿದ್ಲು!'

ಸಂಜೆಯೊಳಗೆ ಅವನು ಬಿಜ್ಜರಗಿಯ ಆ ಕೋಣೆಯ ಹೊಸ್ತಿಲಲ್ಲಿದ್ದ.

"ನಾ ಅವತ್ತ ಅರ್ಧಾ ಮಾತ ಹೇಳಿದ್ನಿ," ಎಂದ ತಲೆ ತಗ್ಗಿಸಿ. "ಬಾಗಲ ಲೆಕ್ಕದಾಗ ಐತಿ, ಖರೇ. ಆದ್ರ ಅದು ತೆರದ ಕೂಡ್ಲೇ ಮುಚ್ಚಿಬಿಡ್ತದ. ಬೆಳಕಿನಕಿಂತ ಜೋರ ಓಡೂದು ಯಾವುದೂ ಇಲ್ಲ. ಆ ಬೆಳಕು ಸುದ್ದಾ ದಾಟೂದರಾಗ ಮುಚ್ಚಿರ್ತದ. ಮನಷ್ಯಾ ಹೆಂಗ ಹೋದಾನು?"

ಅವಳ ಕೈಯ ಕದಿರು ನಿಂತಿತು.

"ಬ್ಯಾರೆ ದಾರಿ...?"

"ಮುಂದಕ್ಕ ಹೋಗಾಕ ಐತಿ. ಏಳ ವರ್ಷದ ಹಿಂದ ವಿಮಾನದಾಗ ಗಡಿಯಾರ ಇಟ್ಟ ಜಗತ್ತ ಸುತ್ತಿಸಿ ನೋಡ್ಯಾರ. ನೆಲದ ಮ್ಯಾಲಿನ ಗಡಿಯಾರಕ್ಕೂ ಅದಕ್ಕೂ ಎಳ್ಳಿನಕಿಂತ ಸಣ್ಣ ಫರಕ ಬಂತು. ಭಾಳ ಜೋರ ಹೋದವ್ರಿಗೆ ಹೊತ್ತು ನಿಧಾನ ಸರೀತದ, ನಮ್ಮ ನಾಳೆಗೆ ಅವ್ರು ಲಗೂನ ಮುಟ್ತಾರ. ಆದ್ರ ಹಿಂದಕ್ಕ... ಹೋದವ್ರನ್ನ ಯಾರೂ ಕಂಡಿಲ್ಲ. ಆಗೂದ ಇಲ್ಲ ಅಂತ ಸಿದ್ಧ ಮಾಡಿದವ್ರೂ ಇಲ್ಲ. ಹಂಗಂತ ನಾ ನಿಮಗ ಆಶಾ ಹಚ್ಚಂಗಿಲ್ಲ."

"ಅವತ್ತ ಯಾಕ ಹೇಳ್ಲಿಲ್ರಿ ಇದನ್ನ?"

"ನಿಮ್ಮ ಮಾರಿ ನೋಡಿ... ಇಲ್ಲ ಅನ್ನಾಕ ಆಗ್ಲಿಲ್ಲ."

"ಕನಿಕರ!" ಅವಳು ಎದ್ದು ನಿಂತಳು. "ಊರ ಮಂದಿ ಎಲ್ಲಾ ನನಗ ಅದನ್ನ ಕೊಟ್ಟಾರ. ನೀವೊಬ್ಬರ ಖರೇ ಹೇಳವ್ರು ಅನ್ಕೊಂಡಿದ್ನಿ... ಹೋಗ್ರಿ!"

ಬಾಗಿಲು ಅವನ ಮುಖಕ್ಕೇ ಮುಚ್ಚಿತು.

*

"ಯಪ್ಪಾ, ನಿನಗ ತಿಳದಂಗ ಮಾಡು," ಎಂದಳು ಮರುದಿನ ಸಾವಂತ್ರವ್ವ.

ಪರಸಪ್ಪನ ಮನೆಯಿಂದ ಸೀರೆ ಬಂತು. ಬರುವ ಗುರುವಾರ ಉಡಿಕೆ ಎಂದು ಗೊತ್ತಾಯಿತು. ಅವಳು ಸೀರೆಯ ಮಡಿಕೆಯನ್ನೂ ಬಿಚ್ಚಿ ನೋಡಲಿಲ್ಲ. ಹಿಂದಿನ ದಾರಿ ಮುಚ್ಚಿತ್ತು. ಮುಂದಿನ ದಾರಿಯಲ್ಲಿ ಕಂಡರಿಯದ ಯಾರದೋ ಮನೆಯ ಒಲೆ. ನಡುವೆ ಈ ಕೋಣೆ... ಉಸಿರು ಕಟ್ಟುತ್ತಿತ್ತು!

ಆದರೂ ಒಂದು ವಿಚಾರ ಅವಳನ್ನು ಬಿಡಲಿಲ್ಲ.

'ಅವರು ತಿರುಗಿ ಯಾಕ ಬಂದ್ರು? ತಮ್ಮ ತಪ್ಪ ತಾವ ಹೇಳಾಕ ಯಾರ ಬರ್ತಾರ?'

ಇನ್ನೊಂದು ಪ್ರಶ್ನೆ ಅವಳಲ್ಲಿ ಉಳಿದಿತ್ತು. ಅದನ್ನು ಕೇಳದೆ ಯಾರ ಮನೆಗೂ ಹೋಗಲಾರೆ ಎನಿಸಿತು.

ಬುಧವಾರ ಬೆಳಿಗ್ಗೆ ತಾಯಿ ನೀರಿಗೆ ಹೋದಾಗ ಅವಳು ಹೊಸ್ತಿಲು ದಾಟಿದಳು. ಊರಬಾಗಿಲ ಅಗಸಿಯ ಹತ್ತಿರ ಬಸ್ಸು ನಿಂತಿತ್ತು. ಮೆಟ್ಟಿಲ ಮುಂದೆ ಬಂದು ನಿಂತುಬಿಟ್ಟಳು.

"ಹತ್ತತೀಯೇನವಾ, ಬಿಡ್ಲ್ಯಾ?" ಕಂಡಕ್ಟರ್ ಗೈಬುಸಾಬ ಕೇಳಿದ.

ಅವಳು ಹತ್ತಿದಳು.

ಆ ತಿರುವು ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಆಮೇಲೆ... ತೆರೆದಳು. ಒಂದು ಜಾಲಿಗಿಡ. ಅದರ ಬುಡದಲ್ಲಿ ಎರಡು ಆಡು. ನಾಲ್ಕು ವರ್ಷ ಅವಳ ಎದೆಯಲ್ಲಿ ಬಾಯಿ ತೆರೆದು ಕೂತಿದ್ದ ಜಾಗ ಇಷ್ಟೇ ಆಗಿತ್ತು.

*

ಶಾಲೆಗೆ ಮಧ್ಯಾಹ್ನದ ಬಿಡುವು. ಬೇವಿನಮರದ ಕೆಳಗೆ ಅವಳನ್ನು ಕಂಡ ಅಮೋಘಿ ಗಾಬರಿಯಾಗಿ ಓಡಿಬಂದ.

"ಇನ್ನೊಂದ ಕೇಳೂದೈತ್ರಿ. ಕನಿಕರ ಮಾಡದ ಹೇಳ್ರಿ," ಎಂದಳು ಅವಳು. "ಆ ಬಾಗಲ ತೆರದ ಇತ್ತಂತ ತಿಳೀರಿ. ನಾ ಹೋದ್ನಿ. ಅವರನ್ನ ಉಳಸ್ತಿದ್ನೇನು?"

ಅವನು ಬೇವಿನ ಬುಡದಲ್ಲಿ ಅವಳೆದುರು ಕೂತ.

"ಗೊತ್ತಿಲ್ಲ. ಉಳಸಿದ್ರ, ನೀವು ಹಿಂದ ಹೋಗೂ ಕಾರಣನ ಇರಂಗಿಲ್ಲ. ಕಾರಣ ಇಲ್ದ ನೀವು ಹೋಗಂಗಿಲ್ಲ. ಹೋಗದ ಹೆಂಗ ಉಳಸ್ತೀರಿ? ಈ ಗಂಟ ಬಿಚ್ಚಾಕ ಇನ್ನೂ ಯಾರಿಗೂ ಆಗಿಲ್ಲ." ಆಮೇಲೆ ಮೆಲ್ಲಗೆ ಕೇಳಿದ, "ಆವತ್ತ ಏನಾತು? ನನಗ ಪೂರ್ತಿ ಹೇಳ್ರಿ."

ಪೂರ್ತಿ!

ನಾಲ್ಕು ವರ್ಷದಲ್ಲಿ ಹಾಗೆ ಕೇಳಿದವನು ಇವನೊಬ್ಬನೇ. ಅವಳು ಹೇಳಿದಳು. ಗುರಣ್ಣ ಅಂಬಲಿ ಕುಡಿದದ್ದು, ಬಿಸಿಲಿಗೆ ಕೆಂಪಾಗಿದ್ದ ಅವನ ಕಿವಿ, ತಾನು ಗೋಗರೆದದ್ದು, ಅವನು ತಿರುಗಿ ನೋಡಿ ಕೈ ಎತ್ತಿದ್ದು... ಎಲ್ಲವನ್ನೂ. ಅಮೋಘಿ ಕೊನೆತನಕ ಕೇಳಿದ.

"ನೀವು ಅಲ್ಲಿಗೆ ಹೋದ್ರ ಅಲ್ಲೊಬ್ಬಾಕಿ ಸಿಗ್ತಾಳ," ಎಂದ ಕೊನೆಗೆ. "ಹದಿನೆಂಟ ವರ್ಷದಾಕಿ. ಯವ್ವನ ತೊಡಿ ಮ್ಯಾಲ ಎರಡ ದಿನ ಮಲಗಬೇಕಂತ ಆಸೆ ಪಟ್ಟಾಕಿ. ಮುಂದ ಏನಾಗ್ತದ ಅಂತ ಆಕಿಗೆ ಗೊತ್ತಿಲ್ಲ. ಆಕಿಗೆ ಏನಂತ ಬೈತೀರಿ, ಹೇಳ್ರಿ?"

ಸಾವಂತ್ರವ್ವ ಬಾಯಿ ತೆರೆದಳು. ದಿನಾ ಬೈದ ಬೈಗುಳ ಒಂದೂ ನೆನಪಾಗಲಿಲ್ಲ. ಕಣ್ಮುಂದೆ ಕಂಡದ್ದು ಹಸಿರು ಬಳೆ ತೊಟ್ಟು ಬಾಗಿಲಲ್ಲಿ ನಗುತ್ತ ನಿಂತ ಹುಡುಗಿ. ಏನೂ ಅರಿಯದ ಹುಡುಗಿ... ಅವಳ ತಲೆ ಸವರಬೇಕು ಅನ್ನಿಸಿತು.

"ಏನೂ ಬೈಯಂಗಿಲ್ರಿ..." ಎನ್ನುತ್ತ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಮೇಲಿನ ಕಲ್ಲು ಸರಿದಂಥ ಅಳು.

ಅವಳು ಕಣ್ಣೊರೆಸಿಕೊಂಡಾಗ ಅವನು ನೆಲ ನೋಡುತ್ತಿದ್ದ.

"ನಾಳೆ ಉಡಿಕಿ ಅಂತ ಕೇಳಿದ್ನಿ..."

"ಹೂಂ. ನೀವು ಬ್ಯಾಡಂತೀರೇನು?"

"ಅನ್ನಾಕ ನಾ ಯಾರು?"

"ಅರ್ಧಾ ಮಾತ ಹೇಳೂ ಚಟಾ ಇನ್ನೂ ಬಿಟ್ಟಿಲ್ಲೇನ್ರಿ ನೀವು!"

ಅಮೋಘಿ ತಲೆ ಎತ್ತಿದ. ಅವನ ಕಣ್ಣು ತುಂಬಿದ್ದವು.

"ಪೂರ್ತಿ ಹೇಳ್ತೀನಿ ಹಂಗಾದ್ರ. ನೀವು ನನಗ ಬೇಕು. ಕನಿಕರಕ್ಕಲ್ಲ. ಅಷ್ಟ ಮಂದಿ ನಗಾಕತ್ತಿದ್ರೂ ಅಂಜದ ಕೇಳಿದ್ರಲ್ಲ, ಅವತ್ತಿನಿಂದ ನನ್ನ ಜೀವಕ್ಕ ಸಮಾಧಾನ ಇಲ್ಲ. ಒಲ್ಲೆ ಅಂದ್ರ ನಾನ ನಿಮ್ಮನ್ನ ಊರಿಗೆ ಬಿಟ್ಟ ಬರ್ತೀನಿ. ಹೂಂ ಅಂದ್ರ..."

"ಸಾವಂತ್ರೀ!"

ಗೇಟಿನಲ್ಲಿ ಖಂಡಪ್ಪ! ಮಗಳು ಕಾಣದೆ, ಬಾವಿ ಕೆರೆ ಎಲ್ಲ ಹುಡುಕಿ, ಮಾಸ್ತರನ ಹತ್ತಿರವೇ ಹೋಗಿರಬೇಕೆಂದು ಸಿಕ್ಕ ಗಾಡಿ ಹತ್ತಿ ಏದುಸಿರು ಬಿಡುತ್ತ ಬಂದಿದ್ದ. ಬೈಯಲೆಂದೇ ಬಂದವನು ಮಗಳ ಮುಂದೆ ನಿಂತು ಬೇರೆಯದನ್ನೇ ಕೇಳಿದ.

"ಬಸ್ಸಿನ್ಯಾಗ ಬಂದೇನವಾ...?"

"ಹೂಂ ಯಪ್ಪಾ."

ಖಂಡಪ್ಪ ತಲೆಗೆ ಸುತ್ತಿದ ಪಟಗದ ಚುಂಗಿನಿಂದ ಕಣ್ಣು ಮುಚ್ಚಿಕೊಂಡು ಮಗುವಿನಂತೆ ಬಿಕ್ಕಿದ. ಅಮೋಘಿ ಅವನ ಕಾಲು ಮುಟ್ಟಿ, ಹೇಳಬೇಕಾದ್ದನ್ನು ಹೇಳಿದ.

"ಪರಸಪ್ಪಗ ಏನಂತ ಹೇಳಲಿ ಮಾಸ್ತರ ನಾನು?"

"ನಾ ಬಂದ ಕೈಮುಗದ ಹೇಳ್ತೀನ್ರಿ."

ಖಂಡಪ್ಪ ಮಗಳತ್ತ ತಿರುಗಿದ. "ನೀ ಏನಂತಿ ಮಗಳ? ಈ ಸಲ ನಾ ನಿನ್ನ ಕೇಳೇ ಮಾಡಾವ."

"ನನಗ ಇವರ ಮನಿಗೆ ಹೋಗೂದೈತಿ ಯಪ್ಪಾ," ಎಂದಳು ಸಾವಂತ್ರವ್ವ, ಎಲ್ಲೂ ತೊದಲದೆ.

*

ಪರಸಪ್ಪ ಬೈದ, ಸೀರೆ ಹಿಂದಕ್ಕೆ ತೆಗೆದುಕೊಂಡ, ಕೊನೆಗೆ ಚಹಾ ಕುಡಿಸಿ ಕಳಿಸಿದ. ಅಮೋಘಿಯ ತಾಯಿ ಬೋರವ್ವ ಹದಿನೈದು ದಿನ ಮಗನ ಜೊತೆ ಮಾತು ಬಿಟ್ಟಳು. ಹದಿನಾರನೆಯ ದಿನ ತಾನೇ ಬಿಜ್ಜರಗಿಗೆ ಬಂದು ಹುಡುಗಿಯ ಕೈತುಂಬ ಬಳೆ ಇಡಿಸಿದಳು. ಉಡಿಕೆಯನ್ನು ಕತ್ತಲಲ್ಲಿ ಸದ್ದಿಲ್ಲದೆ ಮುಗಿಸುವವರೇ ಹೆಚ್ಚು. ಅಮೋಘಿ ಅದಕ್ಕೆ ಒಪ್ಪಲಿಲ್ಲ. ಸುಡುವ ಬಿಸಿಲಲ್ಲಿ, ಊರೆಲ್ಲ ನೋಡುವಂತೆ, ಅಕ್ಷತೆ ಬಿತ್ತು.

ತಿಕೋಟಾದ ಬಾಡಿಗೆ ಮನೆಯಲ್ಲಿ ಮೊದಲ ಮುಂಜಾವು. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನೋಡುತ್ತಿದ್ದ.

"ನಿಮ್ಮನ್ನ ಏನಂತ ಕರೀಲ್ರಿ? ಎಲ್ಲಾರಂಗ ಮಾಸ್ತರ ಅಂತ ಕರೀಲೇನು?"

"ಮನ್ಯಾಗೂ ಮಾಸ್ತರ ಬ್ಯಾಡ ಮಾರಾಯ್ತಿ. ಹೆಸರ ಹಿಡದ ಕರಿ."

"ಅಯ್ಯ! ಗಂಡನ ಹೆಸರ ಹೇಳ್ತಾರೇನು ಯಾರರೆ?"

"ಯಾರ ಅದಾರ ಇಲ್ಲಿ ಕೇಳಾಕ?"

ಅವಳು ಹೊರಗೊಮ್ಮೆ ಇಣುಕಿ ನೋಡಿದಳು. ಓಣಿ ಖಾಲಿಯಿತ್ತು. ಹಿಟ್ಟಿನ ಕೈಯಿಂದಲೇ ಬಾಯಿಗೆ ಸೆರಗು ಅಡ್ಡ ಹಿಡಿದು, ಉಸಿರಿನಷ್ಟು ಮೆಲ್ಲಗೆ ಅಂದಳು:

"ಅಮೋಘೀ..."

"ಕೇಳಸ್ಲಿಲ್ಲ."

"ಸುಳ್ಳ! ನಗಾಕತ್ತೀರಲ್ಲ..."

"ಖರೇನ ಕೇಳಸ್ಲಿಲ್ಲ. ಇನ್ನೊಮ್ಮೆ ಕರಿ."

ಅವಳು ಅವನ ಹತ್ತಿರ ಬಂದು, ಕಿವಿಗೆ ಬಾಯಿ ಹಚ್ಚಿ, ಇನ್ನೊಮ್ಮೆ ಕರೆದಳು.