ಎರಡೂ ಕಡೆಯ ರೇಡಿಯೋ

ನ್ಯಾಯಾಧೀಶರು ಯಾವ ಕುರ್ಚಿಯ ಮೇಲೆ ಕೂರಬೇಕು ಎಂಬ ಮಹತ್ವದ ಪ್ರಶ್ನೆ ಆ ಬುಧವಾರ ಸಂಜೆ ಮನೆಯನ್ನು ಬಹಳ ಹೊತ್ತಿನಿಂದ ಅಲ್ಲಾಡಿಸುತ್ತಿತ್ತು. ಊಟದ ಮೇಜಿನ ಕುರ್ಚಿಗೆ ಗಾಂಭೀರ್ಯವಿತ್ತು, ಆದರೆ ಅದರ ಒಂದು ಕಾಲು ಗಿಡ್ಡ. ಸ್ಟೂಲಿನ ಕಾಲುಗಳೆಲ್ಲ ಸರಿಯಾಗಿದ್ದವು, ಆದರೆ ಬೆನ್ನೇ ಇರಲಿಲ್ಲ. ಬೆನ್ನಿಲ್ಲದ ನ್ಯಾಯಾಧೀಶರನ್ನು ಯಾರು ನಂಬುತ್ತಾರೆ? ಕೊನೆಗೆ ಕಂಪ್ಯೂಟರ್ ಮುಂದಿದ್ದ ತಿರುಗುವ ಕುರ್ಚಿ ಗೆದ್ದಿತು.

"ಅಜ್ಜಿ, ನೀನು ಇಲ್ಲಿ ಕೂತ್ಕೋ. ತಿರುಗಬಾರದು," ಎಂದಳು ರೇಡಿಯೋ.

"ತಿರುಗೋ ಕುರ್ಚಿ ಕೊಟ್ಟು ತಿರುಗಬೇಡ ಅಂದ್ರೆ ಹೇಗೇ?" ಅಜ್ಜಿ ಬಟಾಣಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಸುತ್ತು ತಿರುಗಿಯೇ ನೆಟ್ಟಗಾದರು.

"ಕೋರ್ಟಲ್ಲಿ ಬಟಾಣಿ ಸುಲೀಬಾರದು!"

"ಹಾಗಾದ್ರೆ ರಾತ್ರಿ ನಿಮಗೆ ತೀರ್ಪು ಬಡಿಸ್ಲಾ?"

ಬಟಾಣಿಗೆ ಅನುಮತಿ ಸಿಕ್ಕಿತು.

ರೇಡಿಯೋ ಐದನೇ ಕ್ಲಾಸಿನ ಹುಡುಗಿ. ಯಾರ ದನಿ ಬೇಕಾದರೂ ಅವಳ ಗಂಟಲಿನಿಂದ ಬರುತ್ತಿತ್ತು. ಮೂಗಿನಲ್ಲಿ ಮಾತಾಡುವ ವಿಜ್ಞಾನದ ಮೇಷ್ಟ್ರು, ಕೆಮ್ಮಿಕೊಂಡೇ ಬೈಯುವ ಹೆಡ್ ಮಿಸ್, ಯಾರೂ ತಪ್ಪಿಸಿಕೊಂಡಿರಲಿಲ್ಲ. ಹೆಸರಿಟ್ಟವರು ಕ್ಲಾಸಿನವರು. ಮನೆಯವರು ಅದನ್ನೇ ಒಪ್ಪಿಕೊಂಡರು. ಆಫ್ ಮಾಡುವ ಗುಂಡಿ ಎಲ್ಲಿದೆ ಎಂದು ಮಾತ್ರ ಈವರೆಗೆ ಯಾರಿಗೂ ಗೊತ್ತಾಗಿಲ್ಲ.

ಅವಳ ಅಪ್ಪ ಅಮ್ಮ ಬೇರೆಯಾಗಿ ಒಂದು ವರ್ಷವಾಗಿತ್ತು. ವಾರವೆಲ್ಲ ಅವಳು ಅಮ್ಮ, ಅಜ್ಜಿಯ ಜೊತೆ. ಶನಿವಾರ, ಭಾನುವಾರ ಅಪ್ಪನ ಜೊತೆ. ಈಗ ಅಪ್ಪ ಬುಧವಾರ ರಾತ್ರಿಯೂ ಮಗಳು ಬೇಕು ಎಂದು ಫ್ಯಾಮಿಲಿ ಕೋರ್ಟಿಗೆ ಹೋಗಿದ್ದರು. ಅಮ್ಮ ಕೊಡುವುದಿಲ್ಲ ಎಂದಿದ್ದಳು. ಮುಂದಿನ ವಾರ ವಿಚಾರಣೆ.

ಅಮ್ಮ ವಕೀಲರನ್ನು ಇಟ್ಟಿರಲಿಲ್ಲ. "ನನಗೇ ಬಾಯಿರೋವಾಗ ಬಾಡಿಗೆ ಬಾಯಿ ಯಾಕೆ?" ಎಂದಿದ್ದಳು. ಅಪ್ಪನೂ ಇಟ್ಟಿರಲಿಲ್ಲ. "ನನಗೇ ಬಾಯಿರೋವಾಗ ಬಾಡಿಗೆ ಬಾಯಿ ಯಾಕೆ?" ಎಂದಿದ್ದರು. ಮನೆ ಬೇರೆಯಾಗಿದ್ದರೂ ಹಟ ಬೇರೆಯಾಗಿರಲಿಲ್ಲ.

ಹಾಗಾಗಿ ಈ ರಿಹರ್ಸಲ್. ಅಜ್ಜಿ ಜಡ್ಜ್, ಅಮ್ಮ ಅಮ್ಮನೇ. ಅಪ್ಪನ ಪಾರ್ಟು ರೇಡಿಯೋದು. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಕೂಲ್ ನಾಟಕದಲ್ಲಿ ಅವಳಿಗೆ ಯಾವಾಗಲೂ ಮರದ ಪಾರ್ಟೇ ಸಿಕ್ಕಿತ್ತು.

ಅಮ್ಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. "ಮಹಾಸ್ವಾಮಿ..."

"ಮಹಾಸ್ವಾಮಿ ಅನ್ನಬೇಡ ಕಣೆ, ಗಡ್ಡ ಬಂದ ಹಾಗಾಗುತ್ತೆ."

"ಅಮ್ಮಾ, ಸೀರಿಯಸ್ಸಾಗಿರು! ಮೇಡಂ, ಇವರದು ಬೇಕರಿ ಕೆಲಸ. ಕತ್ತಲೆಯಲ್ಲೇ ಎದ್ದು ಬ್ರೆಡ್ ಬೇಯಿಸೋಕೆ ಹೋಗ್ತಾರೆ. ಮಗು ಒಬ್ಬಳೇ ಮಲಗಿರ್ಬೇಕಾ? ಶನಿವಾರ ಆದ್ರೆ ಇವರ ತಂಗಿ ಬಂದಿರ್ತಾಳೆ. ಬುಧವಾರ ಯಾರಿರ್ತಾರೆ?"

ವಾದ ಗಟ್ಟಿಯಾಗಿತ್ತು. ಅಜ್ಜಿ ಮೆಚ್ಚುಗೆಯಿಂದ ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು.

ಇಲ್ಲೊಂದು ತೊಡಕಿತ್ತು. ಆ ಮನೆಯ ಮಾತು ಈ ಮನೆಗೆ, ಈ ಮನೆಯದು ಆ ಮನೆಗೆ ತರಬಾರದು ಎಂಬುದು ಅಜ್ಜಿಯ ಕಟ್ಟುನಿಟ್ಟು. ರೇಡಿಯೋ ಅದನ್ನು ಒಮ್ಮೆಯೂ ಮುರಿದಿರಲಿಲ್ಲ. ಆದರೆ ಅಪ್ಪನ ಪಾರ್ಟು ಮಾಡು ಎಂದು ಹೇಳಿ, ಅಪ್ಪನ ಮಾತು ಆಡಬೇಡ ಎಂದರೆ ಹೇಗೆ? ಇದು ಚಾಡಿ ಅಲ್ಲ, ಆ್ಯಕ್ಟಿಂಗ್. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಮಾಡಿ, ಅಪ್ಪನ ದನಿ ತೆಗೆದಳು.

"ಮೇಡಂ, ಅದು ಹಳೇ ಬೇಕರಿ ಕತೆ. ಈಗಿನ ಬೇಕರಿಗೆ ಗುರುವಾರ ರಜ. ಇಡೀ ವಾರದಲ್ಲಿ ನಾನು ಮನುಷ್ಯರ ಹಾಗೆ ಮಲಗಿ ಏಳೋದು ಬುಧವಾರ ರಾತ್ರಿ ಮಾತ್ರ. ಅದಕ್ಕೇ ಬುಧವಾರ ಕೇಳಿದ್ದು."

ಅಮ್ಮನ ಬಲಗಾಲು ನೆಲವನ್ನು ಒತ್ತಿತು. ಅಮ್ಮ ಡ್ರೈವಿಂಗ್ ಸ್ಕೂಲಿನ ಟೀಚರ್. ಕಲಿಯುವವರ ಪಕ್ಕ ಕೂತಾಗ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಗಾಬರಿಯಾದಾಗ ಕಾರಿಲ್ಲದ ಕಡೆಯೂ ಅವಳು ಅದನ್ನು ಒತ್ತುತ್ತಾಳೆ.

"ಗುರುವಾರ ರಜನಾ?" ಎಂದಳು.

ರೇಡಿಯೋಗೆ ಹುರುಪು ಏರಿತ್ತು. "ಹೂಂ ಮೇಡಂ. ಬುಧವಾರ ಅಭ್ಯಾಸಬಲದಿಂದ ಎರಡು ತಟ್ಟೆ ಇಡ್ತೀನಿ. ಆಮೇಲೆ ಒಂದನ್ನ ಎತ್ತಿಡ್ತೀನಿ."

ಇದು ನಿಜ. ಅಪ್ಪ ಅದನ್ನು ತಮಾಷೆ ಎಂಬಂತೆ ಅವಳಿಗೆ ಹೇಳಿದ್ದರು.

ಅಜ್ಜಿ ಬುಟ್ಟಿ ಹಿಡಿದು ಎದ್ದರು. "ಕೋರ್ಟು ಮುಗೀತು. ಕೈಕಾಲು ತೊಳ್ಕೊಂಡು ಬನ್ನಿ."

"ನಾನು ಗೆದ್ದೆ!" ಎಂದು ರೇಡಿಯೋ ಸೋಫಾದ ಮೇಲೆ ಹಾರಿದಳು. ಯಾರ ಪರವಾಗಿ ಗೆದ್ದೆ ಎಂಬುದು ಅವಳಿಗೆ ಹಲ್ಲುಜ್ಜುವಾಗ ಹೊಳೆಯಿತು.

ಶನಿವಾರ ಅಪ್ಪನ ಬೇಕರಿಯಲ್ಲೂ ಕೋರ್ಟು ಸೇರಿತು. ಇಲ್ಲಿ ಕುರ್ಚಿಯ ತಕರಾರಿರಲಿಲ್ಲ. ಮೂಲೆಯಲ್ಲಿದ್ದ ಹಿಟ್ಟು ಕಲಸುವ ದೊಡ್ಡ ಯಂತ್ರವೇ ಜಡ್ಜ್. ಅದು ಏನೂ ಮಾತಾಡುತ್ತಿರಲಿಲ್ಲ, ಆದರೂ ಅಪ್ಪನಿಗೆ ಅದರ ಮುಂದೆ ಬೆವರು.

"ಮೇಡಂ... ಸರ್..." ಅಪ್ಪ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಇದು ಗಂಡೋ ಹೆಣ್ಣೋ?"

"ಅಪ್ಪಾ, ಮುಂದೆ ಹೇಳು!"

ಅಪ್ಪ ಬನ್ನಿನ ಹಿಟ್ಟು ಉಂಡೆ ಮಾಡುತ್ತಲೇ ಉಸಿರು ಬಿಡದೆ ಎಲ್ಲವನ್ನೂ ಒದರಿದರು. ಗುರುವಾರದ ರಜೆ, ಸ್ಕೂಲಿಗೆ ಹತ್ತಿರದ ದಾರಿ, ಹೊಸ ಹಾಸಿಗೆ. "ಇವರಿಗೇನು, ವಾರವೆಲ್ಲ ಮಗಳು ಜೊತೇಲೇ ಇರ್ತಾಳೆ. ಒಂದು ಬುಧವಾರ ಬಿಟ್ಟುಕೊಟ್ರೆ ಗಂಟೇನು ಹೋಗುತ್ತೆ?"

ರೇಡಿಯೋ ಅಮ್ಮನಾದಳು. ಸೊಂಟಕ್ಕೆ ಕೈ, ಬಲಗಾಲು ಬ್ರೇಕಿನ ಮೇಲೆ.

"ವಾರವೆಲ್ಲ ಎಲ್ಲಿ ಇರ್ತಾಳೆ ಮೇಡಂ? ಆಫೀಸಿನವರೆಲ್ಲ ಕಾರು ಕಲಿಯೋಕೆ ಬರೋದೇ ಸಂಜೆ. ನಾನು ಮನೆಗೆ ಬರೋಷ್ಟರಲ್ಲಿ ಇವಳು ಮಲಗಿರ್ತಾಳೆ. ಹೊದಿಕೆ ಸರಿಮಾಡಿ, ಮಲಗಿದವಳ ಹತ್ರಾನೇ ಅವತ್ತಿನ ಸುದ್ದಿಯೆಲ್ಲ ಹೇಳಿ ಹೋಗ್ತೀನಿ. ಸಂಜೆ ನಮ್ಮ ಡ್ರೈವಿಂಗ್ ಸ್ಕೂಲ್ ಮುಚ್ಚೋದು ಬುಧವಾರ ಒಂದೇ."

ಅಪ್ಪನ ಕೈಯಲ್ಲಿದ್ದ ಉಂಡೆ ತಟ್ಟೆಗೆ ಸೇರಲಿಲ್ಲ.

"ನೀನು ಮಲಗಿರ್ತೀಯಲ್ಲ, ನಿನಗೆ ಹೇಗೆ ಗೊತ್ತು?"

"ಕೆಲವು ಸಲ ಮಲಗಿರಲ್ಲ," ಎಂದಳು ರೇಡಿಯೋ, ತನ್ನದೇ ದನಿಯಲ್ಲಿ.

ಯಂತ್ರ ತೀರ್ಪು ಕೊಡಲಿಲ್ಲ. ಅಪ್ಪ ಉಂಡೆಯನ್ನು ಮತ್ತೆ ಮತ್ತೆ ಉರುಟು ಮಾಡುತ್ತಲೇ ಇದ್ದರು.

ವಿಚಾರಣೆಯ ದಿನ ರೇಡಿಯೋ ಅಜ್ಜಿಯ ಜೊತೆ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಮಕ್ಕಳು ಒಳಗೆ ಬರುವಂತಿಲ್ಲ ಎಂದು ಅಟೆಂಡರ್ ಹೇಳಿದ್ದ. ಆದರೆ ಬಾಗಿಲಿನ ಚಿಲಕ ಕೆಟ್ಟಿತ್ತು. ಅದು ತಾನಾಗಿಯೇ ಒಂದು ಗೇಣು ತೆರೆದುಕೊಂಡಿತು. ರೇಡಿಯೋಗೆ ಅಷ್ಟು ಸಾಕು. ಎರಡೂ ಕಡೆಯ ವಾದ ಅವಳಿಗೆ ಬಾಯಿಪಾಠ. ಯಾರಾದರೂ ಮಾತು ಮರೆತರೆ ಪಿಸುಗುಟ್ಟಲು ಅವಳು ತಯಾರಾಗಿದ್ದಳು.

ಮೊದಲು ಎದ್ದವರು ಅಪ್ಪ.

"ಮೇಡಂ, ನಾನು ಬುಧವಾರ ಕೇಳಿದ್ದು ನಿಜ. ಆದರೆ ಇವರಿಗೆ ಸಂಜೆ ಬಿಡುವಿರೋದು ಅದೊಂದೇ ದಿನ ಅದು ನನಗೆ ಗೊತ್ತಿರಲಿಲ್ಲ ಮಿಕ್ಕ ದಿನ ಇವರು ಬರೋಷ್ಟರಲ್ಲಿ ಮಗಳು ಮಲಗಿರ್ತಾಳೆ ಹಾಗಾಗಿ ನನಗೆ..."

"ನಿಧಾನ, ನಿಧಾನ," ಎಂದಿತು ಅಮ್ಮನ ದನಿ. "ಸೆಕೆಂಡ್ ಗೇರಲ್ಲಿ ಹೋಗಿ."

"ಯಾರು ಅದು ಗೇರ್ ಅಂದಿದ್ದು?" ಎಂದರು ಜಡ್ಜ್ ಮೇಡಂ.

"ಕ್ಷಮಿಸಿ ಮೇಡಂ. ಅಭ್ಯಾಸ."

"...ಹಾಗಾಗಿ ನನಗೆ ಬುಧವಾರ ಬೇಡ," ಎಂದು ಅಪ್ಪ ಸೆಕೆಂಡ್ ಗೇರಿನಲ್ಲೇ ಮುಗಿಸಿದರು.

ಬೆಂಚಿನ ಮೇಲಿದ್ದ ರೇಡಿಯೋ ಬಾಗಿಲ ಸಂದಿಯತ್ತ ಬಾಗಿದಳು. ಅದು ಅಪ್ಪನ ವಾದ ಅಲ್ಲ. ಅಮ್ಮನದು!

ಅಮ್ಮ ಎದ್ದಳು. "ಮೇಡಂ, ನಾನು ಕೊಡಲ್ಲ ಅಂದಿದ್ದೆ. ಆದರೆ ಇವರ ಬೇಕರಿಗೆ ಗುರುವಾರ ರಜ ಅಂತ ನನಗೆ ತಿಳಿದಿರಲಿಲ್ಲ. ಬುಧವಾರ ಇವರು ಎರಡು ತಟ್ಟೆ ಇಟ್ಟು..." ಬಾಗಿಲ ಸಂದಿಯಲ್ಲಿ ಅಮ್ಮನ ಬಲಗಾಲು ನೆಲವನ್ನು ಒತ್ತಿದ್ದು ಕಾಣಿಸಿತು. "ಇವರಿಗೇ ಕೊಡಿ."

"ಬೇಡ ಮೇಡಂ, ಅವರಿಗೇ ಇರಲಿ."

"ನಾನು ಕೊಡ್ತೀನಿ ಅಂದ್ನಲ್ಲ!"

"ನಾನು ಬೇಡ ಅಂದ್ನಲ್ಲ!"

"ಸಾಕು!" ಜಡ್ಜ್ ಮೇಡಂ ಮೇಜು ತಟ್ಟಿದರು. "ಇಲ್ಲಿ ನನಗೆ ನನಗೆ ಅಂತ ಹೊಡೆದಾಡೋರನ್ನ ದಿನಾ ನೋಡ್ತೀನಿ. ಅವರಿಗೆ ಅವರಿಗೆ ಅಂತ ಹೊಡೆದಾಡೋರು ನೀವೇ ಮೊದಲು. ಯಾರು ಯಾರ ಪರ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ."

ಕಾರಿಡಾರಿನಲ್ಲಿ ಅಜ್ಜಿ ಮೊಮ್ಮಗಳ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ನಿಮ್ಮಪ್ಪನಿಗೆ ಇದೆಲ್ಲ ಯಾರೇ ಹೇಳಿದ್ದು?"

"ನಾನು ಹೇಳಿಲ್ಲಜ್ಜಿ. ಆ್ಯಕ್ಟ್ ಮಾಡ್ದೆ." ರೇಡಿಯೋ ಕೂತಲ್ಲಿ ಕೂರಲಾರದೆ ಎದ್ದು ಕುಣಿಯುತ್ತಿದ್ದಳು. "ಅಜ್ಜಿ, ಇಬ್ಬರಿಗೂ ರಾಜಿಯಾಯ್ತು! ಇನ್ನು ಒಂದೇ ಮನೆ! ಬಟ್ಟೆ ಬ್ಯಾಗ್ ಹೊರೋ ಹಾಗೇ ಇಲ್ಲ! ಹೊಸ ಹಾಸಿಗೆ ನಮ್ಮ ರೂಮಲ್ಲಿ ಹಿಡಿಯುತ್ತಾ? ಕಿಟಕಿ ಹತ್ರ ಹಾಕಿದ್ರೆ ಹಿಡಿಯುತ್ತೆ!"

ಅಜ್ಜಿ ಅವಳ ಬಿಚ್ಚಿದ ಜಡೆ ಹಿಡಿದು ಹೆಣೆಯತೊಡಗಿದರು.

ಬಾಗಿಲು ತೆರೆಯಿತು. ಇಬ್ಬರೂ ಒಟ್ಟಿಗೇ ಬಂದರು, ಅದೂ ನಗುತ್ತ. ಅಪ್ಪ ಮೂಲೆಯ ಕ್ಯಾನಿನಿಂದ ಕಾಗದದ ಲೋಟದಲ್ಲಿ ನೀರು ಹಿಡಿದು ಅಮ್ಮನಿಗೆ ಕೊಟ್ಟರು. ಅಮ್ಮ ಕುಡಿದಳು. ರೇಡಿಯೋ ಕಿವಿಗೊಟ್ಟು ಕಾದಳು.

"ಗುರುವಾರ ಬೆಳಿಗ್ಗೆ ಇವಳನ್ನ ಎಬ್ಬಿಸೋದು ಸುಲಭ ಅಲ್ಲ," ಎಂದಳು ಅಮ್ಮ.

"ಗೊತ್ತು. ನಿಮ್ಮ ಮಗಳೇ ತಾನೇ."

ಅಮ್ಮ ಮತ್ತೆ ನಕ್ಕಳು. ಲೋಟವನ್ನು ಕಸದ ಬುಟ್ಟಿಗೆ ಹಾಕಿ, ಪರ್ಸಿನಿಂದ ಕಾರಿನ ಕೀ ತೆಗೆದಳು. ಅಪ್ಪ ಜೇಬಿನಿಂದ ಸ್ಕೂಟರಿನ ಕೀ ತೆಗೆದರು.

ರೇಡಿಯೋ ಮನಸ್ಸಿನಲ್ಲೇ ಅಪ್ಪನ ದನಿ ತೆಗೆದು, 'ಮನೆಗೆ ಹೋಗೋಣ ಬಾ' ಎಂದು ಅಮ್ಮನಿಗೆ ಹೇಳಿಸಿ ನೋಡಿದಳು. ದನಿ ಸರಿ ಬರಲಿಲ್ಲ. ಅಮ್ಮನ ದನಿಯಲ್ಲಿ ಹೇಳಿಸಿದಳು. ಅದೂ ಬರಲಿಲ್ಲ. 'ಇವರಿಗೇ ಕೊಡಿ', 'ಅವರಿಗೇ ಇರಲಿ' ಎಂಬ ಮಾತುಗಳು ಇಬ್ಬರ ದನಿಗೂ ಅಷ್ಟು ಚೆನ್ನಾಗಿ ಒಪ್ಪಿದ್ದವು. ಈ ಮಾತು ಮಾತ್ರ ಬೇರೆ ಯಾರದೋ ಮಾತಿನಂತೆ ಕೇಳಿಸಿತು. ಇಂಥದರಲ್ಲಿ ಅವಳ ಕಿವಿ ತಪ್ಪುವುದಿಲ್ಲ.

ಅವಳು ಮತ್ತೊಮ್ಮೆ ಪ್ರಯತ್ನಿಸಲಿಲ್ಲ. ಅಪ್ಪನಿಗೆ ಕೈಬೀಸಿ, ಅಮ್ಮನ ಕೈ ಹಿಡಿದು ಮೆಟ್ಟಿಲು ಇಳಿದಳು.

ಒಂದು ಬುಧವಾರ ಅಪ್ಪನಿಗೆ, ಮುಂದಿನ ಬುಧವಾರ ಅಮ್ಮನಿಗೆ ಎಂದು ಆದೇಶವಾಗಿತ್ತು. ಮೊದಲ ಬುಧವಾರ ಅಪ್ಪನದು. ಅಂದು ಅಪ್ಪ ಎರಡು ತಟ್ಟೆ ಇಟ್ಟರು, ಯಾವುದನ್ನೂ ಎತ್ತಿಡಲಿಲ್ಲ.